ಜಿಲ್ಲಾ ಕೋರ್ಟಿಗೆ ಮೊದಲ ಸಲ ಹೋಗುವವರಿಗೆ: ಸಮನ್ಸ್‌ನಿಂದ ಅಮಲ್ಜಾರಿವರೆಗೆ

ಮನೆಗೆ ಸಮನ್ಸ್ ಬಂದ ದಿನ ನಮ್ಮಲ್ಲಿ ಯಾರಿಗೂ ಊಟ ಸೇರಲಿಲ್ಲ. ದೊಡ್ಡಪ್ಪನ ಮಕ್ಕಳು ಪಾಲಿಗಾಗಿ ದಾವೆ ಹಾಕಿದ್ದರು. ಅಪ್ಪನಿಗೆ ಕೋರ್ಟು ಎಂದರೆ ಪೊಲೀಸು, ಕೈಕೋಳ, ಕಟಕಟೆ, ಅಷ್ಟೇ. ವಾಯಿದೆಯ ದಿನ 11 ಗಂಟೆಗೆ ಸರಿಯಾಗಿ ಹೋಗಿ, ಮಧ್ಯಾಹ್ನದವರೆಗೆ ಬೇರೆ ಯಾವುದೋ ಹಾಲ್‌ನಲ್ಲಿ ಕೂತಿದ್ದೆವು. ಅಷ್ಟರಲ್ಲಿ ನಮ್ಮ ಕೇಸು ಇನ್ನೊಂದು ಹಾಲ್‌ನಲ್ಲಿ ಕೂಗಿ ಮುಗಿದಿತ್ತು.

ಆಮೇಲಿನ ವರ್ಷಗಳಲ್ಲಿ ಅದೇ ಆವರಣದ ಬೆಂಚುಗಳ ಮೇಲೆ ಕೂತು ಕಲಿತದ್ದು ಮುಖ್ಯವಾಗಿ ಒಂದೇ. ಕೇಸು ತಾನಾಗಿ ಮುಂದೆ ಹೋಗುವುದಿಲ್ಲ. ಪ್ರತಿ ವಾಯಿದೆಗೂ ಒಂದು ಕೆಲಸ ಗೊತ್ತುಮಾಡಿರುತ್ತಾರೆ. ಇವತ್ತಿನ ಕೆಲಸ ಏನು, ಅದನ್ನು ಮಾಡಬೇಕಾದವರು ಯಾರು ಎಂದು ತಿಳಿದುಕೊಂಡರೆ ಕೋರ್ಟಿನ ಅರ್ಧ ಭಯ ಹೋಗುತ್ತದೆ. ಕೆಳಗಿನದ್ದೆಲ್ಲ ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳಿಗೆ ಸಂಬಂಧಿಸಿದ್ದು.

ನಿಮ್ಮ ಕೆಲಸ ಕೋರ್ಟಿನದೇನಾ, ಮೊದಲು ನೋಡಿ

ಜಿಲ್ಲಾಧಿಕಾರಿ ಬೇರೆ, ಜಿಲ್ಲಾ ನ್ಯಾಯಾಧೀಶರು ಬೇರೆ. ಕೇಳಿದರೆ ಎಲ್ಲರೂ ಗೊತ್ತು ಅಂತಾರೆ, ಆದರೂ ಪಹಣಿ ಹಿಡಿದುಕೊಂಡು ಕೋರ್ಟಿಗೆ ಬರುವವರು ಜಾಸ್ತಿ. ಡಿ.ಸಿ. ಸರ್ಕಾರದ ಅಧಿಕಾರಿ. ಜಡ್ಜ್ ಇರುವುದು ಹೈಕೋರ್ಟಿನ ಹತೋಟಿಯಲ್ಲಿ. ಸಂವಿಧಾನದ 233ನೇ ವಿಧಿಯಂತೆ ಹೈಕೋರ್ಟಿನೊಂದಿಗೆ ಸಮಾಲೋಚಿಸಿ ರಾಜ್ಯಪಾಲರು ಜಿಲ್ಲಾ ನ್ಯಾಯಾಧೀಶರನ್ನು ನೇಮಿಸುತ್ತಾರೆ. ಹಾಗಾಗಿ ಡಿ.ಸಿ. ಕಡೆಯಿಂದ ಜಡ್ಜ್‌ಗೆ ಒಂದು ಮಾತು ಹೇಳಿಸುತ್ತೇವೆ ಎನ್ನುವವರನ್ನು ನಂಬಬೇಡಿ.

ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ, ಖಾತೆ ಬದಲಾವಣೆಗೆ ಯಾರಾದರೂ ತಕರಾರು ಹಾಕಿದ್ದರೆ ದಾರಿ ತಹಶೀಲ್ದಾರ್ ಕಚೇರಿಯಿಂದ ಶುರು. ಅಲ್ಲಿಂದ ಎ.ಸಿ. (ಉಪವಿಭಾಗಾಧಿಕಾರಿ), ಆಮೇಲೆ ಡಿ.ಸಿ. ಜಮೀನು ನಿಜಕ್ಕೂ ಯಾರದು, ಯಾರಿಗೆ ಎಷ್ಟು ಪಾಲು ಎಂಬ ಹಕ್ಕಿನ ಪ್ರಶ್ನೆ ಎದ್ದಾಗ ಸಿವಿಲ್ ಕೋರ್ಟು. ಪಹಣಿಯಲ್ಲಿ ಹೆಸರು ಕೂತ ಮಾತ್ರಕ್ಕೆ ಜಮೀನು ಅವರದಾಗುವುದಿಲ್ಲ. ಕೊಂಡ ಫ್ರಿಜ್ ಕೆಟ್ಟು ಅಂಗಡಿಯವರು ಸ್ಪಂದಿಸದಿದ್ದರೆ ಅದಕ್ಕೆ ಗ್ರಾಹಕರ ಆಯೋಗ ಇದೆ, ಅದೂ ಬೇರೆ.

ಯಾವ ಕೋರ್ಟು, ಯಾವ ಹಾಲ್

ತಾಲ್ಲೂಕಿನಲ್ಲಿ ಮೊದಲ ಮೆಟ್ಟಿಲು ಸಿವಿಲ್ ಜಡ್ಜ್ ಮತ್ತು ಜೆ.ಎಂ.ಎಫ್.ಸಿ. (ಮೊದಲ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್). ಇಬ್ಬರ ಹೆಸರಿನಂತೆ ಕಂಡರೂ ಕೂರುವವರು ಒಬ್ಬರೇ. ಬೇಲಿಯ ಜಗಳ ಕೇಳುವಾಗ ಸಿವಿಲ್ ಜಡ್ಜ್, ಹೊಡೆದಾಟದ ಕೇಸು ಕೇಳುವಾಗ ಮ್ಯಾಜಿಸ್ಟ್ರೇಟ್. ಅದರ ಮೇಲೆ ಹಿರಿಯ ಸಿವಿಲ್ ಜಡ್ಜ್. ಎಲ್ಲಕ್ಕೂ ಮೇಲೆ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು, ಅವರ ಜೊತೆ ಕೆಲಸ ಹಂಚಿಕೊಳ್ಳಲು ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರು. ಕೆಳಗಿನ ಕೋರ್ಟುಗಳ ತೀರ್ಪಿನ ಮೇಲಿನ ಅಪೀಲು, ಕೊಲೆಯಂಥ ದೊಡ್ಡ ಅಪರಾಧ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ಕೇಸು, ಇವೆಲ್ಲ ಈ ಮಟ್ಟದಲ್ಲಿ ನಡೆಯುತ್ತವೆ.

ದಾವೆಯನ್ನು ಅಧಿಕಾರ ಇರುವ ಕೋರ್ಟುಗಳಲ್ಲಿ ಅತ್ಯಂತ ಕೆಳಗಿನದರಲ್ಲಿ ಹಾಕಬೇಕು. ಸುಮ್ನೆ ದೊಡ್ಡ ಕೋರ್ಟಿಗೇ ಹೋಗೋಣ ಎನ್ನುವ ಹಾಗಿಲ್ಲ. ಆಸ್ತಿಯ ದಾವೆಯಾದರೆ ಆಸ್ತಿ ಇರುವ ಜಾಗದ ಕೋರ್ಟು. ಹಣದ ದಾವೆಯಾದರೆ ಎದುರಾಳಿ ವಾಸಿಸುವ ಊರು, ಇಲ್ಲವೇ ವ್ಯವಹಾರ ನಡೆದ ಊರು. ಬೆಂಗಳೂರು ನಗರದವರ ಲೆಕ್ಕ ಬೇರೆ. ಅಲ್ಲಿ 1979ರ ಕಾಯ್ದೆಯಂತೆ ಪ್ರತ್ಯೇಕ ಸಿಟಿ ಸಿವಿಲ್ ಕೋರ್ಟ್ ಇದೆ.

ಕೇಸಿನ ನಂಬರನ್ನು ಓದಲು ಕಲಿಯಿರಿ. ಒ.ಎಸ್. ಎಂದರೆ ಮೂಲ ದಾವೆ. ಆರ್.ಎ. ಎಂದರೆ ಅಪೀಲು. ಸಿ.ಸಿ. ಮ್ಯಾಜಿಸ್ಟ್ರೇಟ್ ಮುಂದಿನ ಕ್ರಿಮಿನಲ್ ಕೇಸು, ಎಸ್.ಸಿ. ಸೆಷನ್ಸ್ ಕೇಸು. ಎಂ.ವಿ.ಸಿ. ವಾಹನ ಅಪಘಾತದ ಪರಿಹಾರ. ಇದಲ್ಲದೆ ಪ್ರತಿ ಕೇಸಿಗೂ 16 ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ನಂಬರ್ ಇರುತ್ತದೆ, ಕರ್ನಾಟಕದ್ದು ಕೆ.ಎ. ಎಂದು ಶುರುವಾಗುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ವಾಯಿದೆ, ಯಾವ ಹಾಲ್, ಹೋದ ಸಲ ಏನಾಯಿತು ಎಲ್ಲ ಬರುತ್ತದೆ. ಈ ನಂಬರನ್ನು ಮೊದಲ ದಿನವೇ ಬರೆದಿಟ್ಟುಕೊಂಡಿದ್ದರೆ ನಾವು ಆವತ್ತು ಬೇರೆ ಹಾಲ್‌ನಲ್ಲಿ ಕೂರುತ್ತಿರಲಿಲ್ಲ.

ದಾವೆ ಹಾಕುವ ಮುಂಚೆ

ಮೊದಲ ಪ್ರಶ್ನೆ ಕಾಲದ್ದು. ಕೊಟ್ಟ ಸಾಲ ವಸೂಲಿಗೆ ಸಾಮಾನ್ಯವಾಗಿ 3 ವರ್ಷ. ಹಕ್ಕಿನ ಆಧಾರದ ಮೇಲೆ ಜಮೀನಿನ ಸ್ವಾಧೀನ ವಾಪಸ್ ಕೇಳಲು 12 ವರ್ಷ. ಇದು ಮೀರಿದರೆ ನಿಮ್ಮ ಕಡೆ ಎಷ್ಟೇ ನ್ಯಾಯ ಇದ್ದರೂ ದಾವೆ ನಿಲ್ಲುವುದು ಕಷ್ಟ. ಬೌನ್ಸ್ ಆದ ಚೆಕ್ಕಿಗೆ ಇನ್ನೂ ಬಿಗಿ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ಎದುರಾಳಿಗೆ 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಇನ್ನು ಸರ್ಕಾರದ ಮೇಲೆ ದಾವೆ ಹಾಕುವುದಾದರೆ, ತುರ್ತು ಇಲ್ಲದಿದ್ದಲ್ಲಿ, 2 ತಿಂಗಳ ನೋಟಿಸ್ ಮೊದಲೇ ಕೊಡಬೇಕು.

ಎರಡನೆಯದು ಕಾಗದ. ಕ್ರಯಪತ್ರ, ಪಹಣಿ, ಮ್ಯುಟೇಷನ್, ವಂಶವೃಕ್ಷ, ಕಂದಾಯದ ರಸೀದಿ, ಏನಿದ್ದರೂ ತಾರೀಖಿನ ಪ್ರಕಾರ ಜೋಡಿಸಿ. ಮೂಲ ಪ್ರತಿ ಯಾರ ಹತ್ತಿರ ಇದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಸಾಕ್ಷ್ಯ ಹೇಳುವ ದಿನ ಎಲ್ಲರೂ ಕೇಳುವುದು ಅದನ್ನೇ.

ಮೂರನೆಯದು ವಕೀಲರು. ನಿಮ್ಮ ಕೇಸನ್ನು ನೀವೇ ನಡೆಸಬಹುದು, ಕಾನೂನು ತಡೆಯುವುದಿಲ್ಲ. ಆದರೆ ಸಾಕ್ಷ್ಯದ ಹಂತ ಬಂದಾಗ ಒದ್ದಾಡುತ್ತೀರಿ. ವಕಾಲತ್ತಿಗೆ, ಅಂದರೆ ನಿಮ್ಮ ಪರ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕುವ ಮುಂಚೆ ಫೀ ಎಷ್ಟು, ಅದರಲ್ಲಿ ಕೋರ್ಟ್ ಶುಲ್ಕ ಸೇರಿದೆಯೇ ಎಂದು ಕೇಳಲು ಸಂಕೋಚ ಬೇಡ. ಖಾಲಿ ಹಾಳೆಗೆ ಸಹಿ ಮಾತ್ರ ಹಾಕಬೇಡಿ, ಎಷ್ಟೇ ನಂಬಿಕೆಯವರಿದ್ದರೂ. ಮುಂದೆ ಸರಿಹೋಗದಿದ್ದರೆ ವಕೀಲರನ್ನು ಬದಲಾಯಿಸುವ ಹಕ್ಕು ನಿಮಗಿದೆ. ಹಳಬರ ನಿರಾಕ್ಷೇಪಣೆ ಅಥವಾ ಕೋರ್ಟಿನ ಅನುಮತಿ ಬೇಕಾಗುತ್ತದೆ. ಫೀ ಬಾಕಿ ಇದೆ ಎಂದು ಕೇಸಿನ ಕಾಗದಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಸಾಮಾನ್ಯವಾಗಿ ಕೋರ್ಟ್ ಆವರಣದಲ್ಲೇ. 1987ರ ಕಾಯ್ದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ ಆದಾಯದ ಮಿತಿಯ ಪ್ರಶ್ನೆಯೇ ಇಲ್ಲ. ಇದು ಗೊತ್ತಿಲ್ಲದೆ ತಾಳಿ ಅಡವಿಟ್ಟು ಫೀ ಕಟ್ಟಿದ ಒಬ್ಬ ಅಕ್ಕನನ್ನು ನಾನೇ ಆ ಬೆಂಚಿನ ಮೇಲೆ ನೋಡಿದ್ದೇನೆ. ಸಹಾಯವಾಣಿ 15100.

ದಾವೆ ಹಾಕಿದ ಮೇಲೆ: ಪಿ.ಎಫ್. ಎಂಬ ಸಣ್ಣ ಸಂಗತಿ

ದಾವಾಪತ್ರ, ಪ್ರಮಾಣಪತ್ರ, ದಾಖಲೆಗಳ ಪಟ್ಟಿ, ವಕಾಲತ್ತು, ಕೋರ್ಟ್ ಶುಲ್ಕ ಇಷ್ಟನ್ನು ಫೈಲಿಂಗ್ ಕೌಂಟರಿನಲ್ಲಿ ಕೊಡುತ್ತಾರೆ. ಶುಲ್ಕದ ಲೆಕ್ಕ ಕರ್ನಾಟಕದ 1958ರ ಕೋರ್ಟ್ ಶುಲ್ಕ ಕಾಯ್ದೆಯಂತೆ. ಪಾಲಿನ ದಾವೆಯಲ್ಲಿ ಒಂದು ಸೂಕ್ಷ್ಮ ಇದೆ. ನೀವೂ ಆಸ್ತಿಯ ಜಂಟಿ ಸ್ವಾಧೀನದಲ್ಲಿದ್ದರೆ ಶುಲ್ಕ ಬಹಳ ಕಡಿಮೆ. ನಿಮ್ಮನ್ನು ಹೊರಗೆ ಹಾಕಿದ್ದರೆ ನಿಮ್ಮ ಪಾಲಿನ ಬೆಲೆಯ ಮೇಲೆ ಶುಲ್ಕ. ಕಚೇರಿಯವರು ಕಾಗದ ಪರಿಶೀಲಿಸಿ, ಕೊರತೆ ಇದ್ದರೆ ಆಕ್ಷೇಪಣೆ ಬರೆಯುತ್ತಾರೆ. ಅದನ್ನು ಸರಿಪಡಿಸಿದ ಮೇಲೆ ನಂಬರ್ ಬೀಳುತ್ತದೆ.

ಇಲ್ಲಿಂದ ಮುಂದೆ ಕೇಸು ಯಾಕೆ ನಿಂತಿದೆ ಎಂದು ಜನ ಜಡ್ಜ್‌ಗೆ ಬೈಯುತ್ತಾರೆ. ಬಹಳ ಸಲ ಕಾರಣ ಪಿ.ಎಫ್. ಅಂದರೆ ಪ್ರೋಸೆಸ್ ಫೀ, ಸಮನ್ಸ್ ಕಳಿಸಲು ವಾದಿ ಕಟ್ಟಬೇಕಾದ ಪುಟ್ಟ ಮೊತ್ತ. ಪಿ.ಎಫ್. ಕಟ್ಟಿದರೆ ಸಮನ್ಸ್ ಹೊರಡಿಸಿ ಎಂದು ಜಡ್ಜ್ ಬರೆದಿರುತ್ತಾರೆ. ಕಟ್ಟದಿದ್ದರೆ ಸಮನ್ಸ್ ಹೊರಡುವುದೇ ಇಲ್ಲ. ಮುಂದಿನ ವಾಯಿದೆಗೆ ಬಂದು ನೋಡಿದರೆ ಅದೇ ಸಾಲು. ಹೀಗೆ ನಾಲ್ಕು ವಾಯಿದೆ ಕಳೆಯುವುದು ಅಪರೂಪವೇನಲ್ಲ. ಇನ್ನೊಂದು ಕಾರಣ ವಿಳಾಸ. ಬೆಂಗಳೂರು ಸೇರಿ ಹತ್ತು ವರ್ಷವಾದ ತಮ್ಮನಿಗೆ ಊರಿನ ವಿಳಾಸ ಕೊಟ್ಟರೆ, ಸಮನ್ಸ್ ತಲುಪಿಸುವ ಜಾರಿಕಾರ ಹೋಗಿ ಬೀಗ ನೋಡಿ ಬರುತ್ತಾನೆ. ಪಿ.ಎಫ್. ಕಟ್ಟಿದ್ದೀರಾ, ಸಮನ್ಸ್ ಜಾರಿಯಾಯಿತಾ, ಯಾವ ಷರಾ ಬರೆದು ವಾಪಸ್ ಬಂತು, ಈ ಮೂರನ್ನು ವಕೀಲರ ಹತ್ತಿರ ಕೇಳಿ. ಇಷ್ಟು ಕೇಳುವ ಕಕ್ಷಿದಾರನ ಫೈಲು ಬೇಗ ಮೇಲೆ ಬರುತ್ತದೆ ಎಂಬುದು ನನ್ನ ಅನುಭವ.

ಸಮನ್ಸ್ ನಿಮಗೇ ಬಂದರೆ

ತೆಗೆದುಕೊಳ್ಳಿ. ಬೇಡ ಎಂದು ಬಾಗಿಲು ಹಾಕಿಕೊಂಡರೆ ಜಾರಿಯಾಗಿದೆ ಎಂದೇ ಕೋರ್ಟು ಭಾವಿಸಬಹುದು. ಸಿವಿಲ್ ಸಮನ್ಸ್ ಎಂದರೆ ಬಂಧನವಲ್ಲ, ಬಂದು ನಿಮ್ಮ ಮಾತು ಹೇಳಿ ಎಂಬ ಕರೆ. ಕೈಗೆ ಬಂದ ತಾರೀಖು ಬರೆದಿಡಿ, ಅಲ್ಲಿಂದಲೇ ದಿನ ಎಣಿಕೆ. ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಜವಾಬು, 30 ದಿನದೊಳಗೆ ಕೊಡಬೇಕು. ಕಾರಣ ತೋರಿಸಿದರೆ 90 ದಿನದವರೆಗೆ ಬಿಡುತ್ತಾರೆ. ಅದನ್ನೂ ಮೀರಿ ಒಪ್ಪಿದ್ದುಂಟು, ಆದರೆ ಕಾಸ್ಟ್ ಎಂಬ ದಂಡದ ಹಣ ಕಟ್ಟಿ, ಗಟ್ಟಿ ಕಾರಣ ಕೊಟ್ಟು.

ಹೋಗದೇ ಇದ್ದರೆ ನಿಮ್ಮನ್ನು ಎಕ್ಸ್‌ಪಾರ್ಟಿ ಮಾಡಿ, ಎದುರಾಳಿಯ ಮಾತು ಕೇಳಿಯೇ ತೀರ್ಪು ಕೊಡಬಹುದು. ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಲು ಡಿಕ್ರಿಯ (ತೀರ್ಪಿನಂತೆ ಬರೆಯುವ ಕೋರ್ಟಿನ ಆದೇಶ) ದಿನದಿಂದ 30 ದಿನ. ಸಮನ್ಸೇ ತಲುಪಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಕೆ. ವಾದಿ ಬರದಿದ್ದರೆ ಅವನಿಗೂ ಶಿಕ್ಷೆ ಇದೆ, ದಾವೆ ಗೈರುಹಾಜರಿಗಾಗಿ ವಜಾ ಆಗುತ್ತದೆ.

ಪಕ್ಕದ ಮನೆಯವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಾರು ಎಂಬ ಅನುಮಾನ ಮೊದಲೇ ಇದೆಯಾ? ಹಾಗಿದ್ದರೆ ಕೇವಿಯಟ್ ಹಾಕಿ. ನಿಮಗೆ ನೋಟಿಸ್ ಕೊಡದೆ ಆ ಅರ್ಜಿಯ ಮೇಲೆ ಆದೇಶ ಮಾಡಬಾರದು ಎಂಬ ಮುನ್ಸೂಚನೆ ಅದು. 90 ದಿನ ಜೀವ ಇರುತ್ತದೆ, ಆಮೇಲೆ ಹೊಸದಾಗಿ ಹಾಕಬೇಕು.

ವಾಯಿದೆಯ ದಿನ

ಬಾಗಿಲ ಹತ್ತಿರ ಅಂಟಿಸಿರುವ ಪಟ್ಟಿಯಲ್ಲಿ ನಿಮ್ಮ ನಂಬರ್ ಎಷ್ಟನೆಯದು ಎಂದು ನೋಡಿಕೊಳ್ಳಿ. ಫೋನ್ ಬಂದ್ ಮಾಡಿ. ಜಡ್ಜ್ ಬಂದಾಗ ಎದ್ದು ನಿಲ್ಲಿ. ಹೆಸರು ಕೂಗಿದಾಗ ಹಿಂದಿನ ಸಾಲಿನಿಂದ ಕೈ ಬೀಸಬೇಡಿ, ಮುಂದೆ ಬನ್ನಿ. ಇಷ್ಟು ಸಾಕು. ಜಡ್ಜ್ ಕೆಳಗೆ ಕೂತಿರುವವರು ಬೆಂಚ್ ಕ್ಲರ್ಕ್, ಮುಂದಿನ ತಾರೀಖು ಅವರ ಡೈರಿಯಲ್ಲಿರುತ್ತದೆ. ಕಚೇರಿ ನೋಡಿಕೊಳ್ಳುವವರು ಶಿರಸ್ತೇದಾರ್. ತಾರೀಖು ತಿಳಿಸಲು ಯಾರಿಗೂ ದುಡ್ಡು ಕೊಡಬೇಕಿಲ್ಲ, ಆ್ಯಪ್‌ನಲ್ಲಿ ಬರುವ ಮಾಹಿತಿಗೆ ಯಾಕೆ ಕೊಡಬೇಕು ಅಲ್ವಾ?

ಎದುರಾಳಿಯ ಜವಾಬು ಬಂದ ಮೇಲೆ ಜಡ್ಜ್ ವಿವಾದಾಂಶಗಳನ್ನು ಬರೆಯುತ್ತಾರೆ. ಇಶ್ಯೂಸ್ ಎಂದು ಎಲ್ಲರೂ ಹೇಳುವುದು ಇದನ್ನೇ. ಆಸ್ತಿ ಪಿತ್ರಾರ್ಜಿತವೇ, ಹಿಂದೆ ಪಾಲಾಗಿತ್ತೇ, ಹೀಗೆ ಪ್ರಶ್ನೆಗಳ ಪಟ್ಟಿ. ಒಂದೊಂದು ಪ್ರಶ್ನೆಯ ಎದುರೂ ಅದನ್ನು ಯಾರು ಸಾಬೀತು ಮಾಡಬೇಕು ಎಂದು ಇರುತ್ತದೆ. ಇದರ ನಕಲು ತೆಗೆದುಕೊಂಡು ಮನೆಯಲ್ಲಿ ಕೂತು ಓದಿ. ಇಡೀ ಕೇಸು ಆ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಊರಿನವರೆಲ್ಲ ಮಾತಾಡುವ, ಅಜ್ಜನ ಕಾಲದ ಅವಮಾನದ ಕಥೆಗೆ ಆ ಹಾಳೆಯಲ್ಲಿ ಜಾಗ ಇಲ್ಲದಿದ್ದರೆ ಕೋರ್ಟಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಒಬ್ಬ ಕಕ್ಷಿದಾರ ಕೇಳಿದನೆಂದು ಮೂರಕ್ಕಿಂತ ಜಾಸ್ತಿ ಸಲ ವಿಚಾರಣೆ ಮುಂದೂಡಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ. ಪುಸ್ತಕದಲ್ಲಿ ಇದೆ, ಅಷ್ಟೇ ಹೇಳಬಲ್ಲೆ.

ಸಾಕ್ಷಿ ಹೇಳುವಾಗ

ಮುಖ್ಯ ವಿಚಾರಣೆಯನ್ನು, ಅಂದರೆ ಸಾಕ್ಷಿ ತನ್ನ ಕಡೆಯಿಂದ ಹೇಳುವ ಮಾತನ್ನು, ಈಗ ಪ್ರಮಾಣಪತ್ರದ ರೂಪದಲ್ಲಿ ಕೊಡುತ್ತಾರೆ. ವಕೀಲರು ಬರೆದು ತರುತ್ತಾರೆ, ನೀವು ಸಹಿ ಹಾಕುತ್ತೀರಿ. ಓದದೆ ಸಹಿ ಹಾಕಿದರೆ ಮುಂದಿನ ಸಲ ಅದೇ ಹಗ್ಗವಾಗುತ್ತದೆ. ದಾಖಲೆಗಳಿಗೆ ನಿಶಾನೆ ಪಿ-1, ಪಿ-2 ಎಂದು ಗುರುತು ಬೀಳುವುದೂ ಆಗಲೇ.

ಆಮೇಲೆ ಪಾಟೀ ಸವಾಲು. ಎದುರು ವಕೀಲರು ಕೇಳುವ ಧಾಟಿ ಹೊಸಬರಿಗೆ ವಿಚಿತ್ರ. 'ನಿಮ್ಮ ತಂದೆ ಬದುಕಿದ್ದಾಗಲೇ ಪಾಲಾಗಿತ್ತು ಎಂದರೆ ಸರಿ ತಾನೇ?' ಎನ್ನುತ್ತಾರೆ. ಅದು ಪ್ರಶ್ನೆಯ ವೇಷದಲ್ಲಿರುವ ಅವರ ವಾದ. ಒಪ್ಪಿದರೆ ಸರಿ, ಇಲ್ಲವಾದರೆ ಸರಿಯಲ್ಲ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ. ಸಿಟ್ಟು ಬೇಡ, ಕಥೆ ಬೇಡ. ಅಪ್ಪ ಮಾಡಿದ ತಪ್ಪು ಇದೇ. ಕೇಳದಿದ್ದರೂ ಅಣ್ಣನ ಒಳ್ಳೆಯತನ ಹೊಗಳಲು ಹೋಗಿ, ಅವರೇ ಮನೆ ಯಜಮಾನಿಕೆ ಮಾಡುತ್ತಿದ್ದರು ಎಂದುಬಿಟ್ಟರು. ಆ ಒಂದು ಸಾಲನ್ನು ಎದುರು ವಕೀಲರು ವಾದದ ದಿನ ಮೂರು ಸಲ ಓದಿದರು. ಟೈಪಿಸ್ಟ್ ಟೈಪ್ ಮಾಡಿದ್ದನ್ನು ಸಹಿ ಹಾಕುವ ಮುಂಚೆ ಪೂರ್ತಿ ಓದಿ, ನೀವು ಹೇಳಿದ್ದು ತಪ್ಪಾಗಿ ಬಂದಿದ್ದರೆ ಆಗಲೇ ಜಡ್ಜ್‌ಗೆ ಹೇಳಿ.

ರಾಜಿಯ ಬಾಗಿಲು ಯಾವ ಹಂತದಲ್ಲೂ ತೆರೆದಿರುತ್ತದೆ. ಮಧ್ಯಸ್ಥಿಕೆ ಕೇಂದ್ರದಲ್ಲಿ ಆಡಿದ ಮಾತು ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಕೆಯಾಗುವುದಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಆದರೆ ಅದರ ಮೇಲೆ ಅಪೀಲು ಇಲ್ಲ. ಅದಕ್ಕೇ ಚಕ್ಕುಬಂದಿ, ಅಳತೆ, ದುಡ್ಡು ಕೊಡುವ ತಾರೀಖು ಎಲ್ಲ ರಾಜಿ ಪತ್ರದಲ್ಲಿ ಬರೆಸಿಯೇ ಸಹಿ ಹಾಕಿ.

ಕ್ರಿಮಿನಲ್ ಕೇಸಾದರೆ

ಇಲ್ಲಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಆರೋಪಿ. ಪೆಟ್ಟು ತಿಂದವರು ಸಾಕ್ಷಿ, ಅವರ ಪರ ವಾದಿಸುವವರು ಸರ್ಕಾರಿ ವಕೀಲರು. 2024ರ ಜುಲೈ 1ರಿಂದ ಈಚೆಗೆ ನಡೆದ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆ, ಅದಕ್ಕೂ ಹಿಂದಿನದಕ್ಕೆ ಹಳೆಯ ಐ.ಪಿ.ಸಿ.

ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಬಿಟ್ಟು. ಬಂಧನದ ಭಯ ಇದ್ದರೆ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು. ಪೊಲೀಸರು ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ಆರೋಪಪಟ್ಟಿ ಹಾಕದಿದ್ದರೆ ಒಳಗಿರುವವರಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ, ಆದರೆ ಕೇಳಬೇಕು. ಪಟ್ಟಿ ಬಂದ ಮೇಲೆ ಕೇಳಿದರೆ ಆ ಹಕ್ಕು ಇಲ್ಲ. ಜಾಮೀನು ಸಿಕ್ಕಿದ ಮೇಲೂ ಮನೆಗೆ ಬರಲು ತಡವಾಗುವುದು ಜಾಮೀನುದಾರರ ಕಾಗದಗಳಿಂದ. ಪಹಣಿ, ಆಧಾರ್, ಫೋಟೊ ಮೊದಲೇ ಸಿದ್ಧ ಇರಲಿ. ಮಾತು ಕೊಟ್ಟ ನೆಂಟರು ಆ ದಿನ ಫೋನ್ ಎತ್ತುತ್ತಾರಾ ಎಂಬುದು ಬೇರೆ ಪ್ರಶ್ನೆ.

ಮೊದಲ ದರ್ಜೆ ಮ್ಯಾಜಿಸ್ಟ್ರೇಟ್ 3 ವರ್ಷದವರೆಗೆ, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ 7 ವರ್ಷದವರೆಗೆ ಜೈಲು ಶಿಕ್ಷೆ ಕೊಡಬಲ್ಲರು. ಸೆಷನ್ಸ್ ನ್ಯಾಯಾಧೀಶರು ಕಾನೂನಿನಲ್ಲಿರುವ ಯಾವ ಶಿಕ್ಷೆಯನ್ನೂ ಕೊಡಬಹುದು, ಮರಣದಂಡನೆಯನ್ನು ಮಾತ್ರ ಹೈಕೋರ್ಟ್ ದೃಢಪಡಿಸಬೇಕು. ಆರೋಪಪಟ್ಟಿಯ ನಕಲು ಆರೋಪಿಗೆ ಉಚಿತ. ಆರೋಪಿ ಬಿಡುಗಡೆಯಾದರೆ ಸಂತ್ರಸ್ತರೂ ಅಪೀಲು ಹಾಕಬಹುದು.

ತೀರ್ಪು ಬಂದ ಮೇಲೆ

ಅದೇ ದಿನ ಮಾಡಬೇಕಾದ ಕೆಲಸ: ನಕಲು ವಿಭಾಗದಲ್ಲಿ ದೃಢೀಕೃತ ನಕಲಿಗೆ ಅರ್ಜಿ. ಸಿವಿಲ್ ಕೇಸಿನಲ್ಲಿ ಜಿಲ್ಲಾ ಕೋರ್ಟಿಗೆ ಅಪೀಲಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ನಕಲು ತಯಾರಾಗಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ, ಆದರೆ ಅರ್ಜಿ ಹಾಕುವ ಮುಂಚೆ ನೀವು ಕಳೆದ ದಿನಗಳನ್ನು ಬಿಡುವುದಿಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳವರು ಹೈಕೋರ್ಟಿಗೆಂದು ಬೆಂಗಳೂರಿಗೆ ಬರಬೇಕಿಲ್ಲ. ಧಾರವಾಡ ಮತ್ತು ಕಲಬುರಗಿ ಪೀಠಗಳು 2008ರಲ್ಲಿ ಶುರುವಾಗಿ 2013ರಲ್ಲಿ ಕಾಯಂ ಆದವು.

ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ್ದು ಬಹುಶಃ ಈ ಹಂತ ನೋಡಿಯೇ ಇರಬೇಕು. ಡಿಕ್ರಿ ಬಂದರೆ ದುಡ್ಡು ಬಂತು, ಜಮೀನು ಬಂತು ಎಂದುಕೊಳ್ಳುತ್ತೇವೆ. ಎದುರಾಳಿ ತಾನಾಗಿ ಕೊಡದಿದ್ದರೆ ಅದೇ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ, ಹಾಕಬೇಕು. ಅದಕ್ಕೆ 12 ವರ್ಷ ಕಾಲ ಇದೆ, ಹಾಗೆಂದು ಕಾಯುವುದರಲ್ಲಿ ಅರ್ಥವಿಲ್ಲ. ಹಣದ ಡಿಕ್ರಿಯಾದರೆ ಎದುರಾಳಿಯ ಸೈಟು, ವಾಹನ, ಬ್ಯಾಂಕ್ ಖಾತೆಯ ವಿವರ ಹುಡುಕಿ ಕೊಡಬೇಕಾದವರು ನೀವೇ. ಅದು ಕೋರ್ಟಿನ ಕೆಲಸವಲ್ಲ.

ಪಾಲಿನ ದಾವೆಯಲ್ಲಂತೂ ಡಿಕ್ರಿ ಎರಡು. ಮೊದಲನೆಯದು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟನೇ ಒಂದು ಪಾಲು ಎಂದು ಮಾತ್ರ ಹೇಳುತ್ತದೆ. ಯಾವ ಮೂಲೆ ಯಾರಿಗೆ ಎಂಬುದು ಅಂತಿಮ ಡಿಕ್ರಿಯಲ್ಲಿ. ಮೊದಲನೆಯದು ಬಂದಾಗ ಸಿಹಿ ಹಂಚಿ ಸುಮ್ಮನಾದವರ ಫೈಲುಗಳು ವರ್ಷಗಟ್ಟಲೆ ಕೂತಿವೆ. ಅಂತಿಮ ಡಿಕ್ರಿಗೆ ಬೇರೆ ಅರ್ಜಿಗಾಗಿ ಕಾಯದೆ ಕೋರ್ಟುಗಳೇ ಮುಂದುವರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೂ ನಿಮ್ಮ ಕೇಸು ಯಾವ ಹಂತದಲ್ಲಿದೆ ಎಂದು ಕೇಳುತ್ತಲೇ ಇರಿ. ಕಂದಾಯ ಕಟ್ಟುವ ಜಮೀನಾದರೆ ಅಳತೆ ಮಾಡಿ ಭಾಗ ಮಾಡುವ ಕೆಲಸ ಡಿ.ಸಿ. ಕಡೆಗೆ ಹೋಗುತ್ತದೆ, ಸರ್ವೆಯವರು ಬಂದು ಸರಪಳಿ ಹಿಡಿಯುತ್ತಾರೆ. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಆಮೇಲೆ ಅದರ ನಕಲು ಹಿಡಿದು ಮತ್ತೆ ತಹಶೀಲ್ದಾರ್ ಕಚೇರಿಗೆ, ಪಹಣಿಯಲ್ಲಿ ಹೆಸರು ಕೂರಿಸಲು. ನಮ್ಮದು ಈಗ ಅಲ್ಲಿಗೆ ಬಂದಿದೆ. ಅಳತೆಯ ದಿನ ದೊಡ್ಡಪ್ಪನ ಮಗನೇ ಅಪ್ಪನಿಗೆ ಎಳನೀರು ಕೆತ್ತಿಕೊಟ್ಟ.